ಹಾಲ್ ಟಿವಿ ಅಪ್ಪನ ರೂಮಿಗೆ: ವೈರ್‌ಲೆಸ್ ಎಚ್‌ಡಿಎಂಐ ಕಿಟ್, ಎರಡು ವರ್ಷ ಆದ್ಮೇಲೆ

ಅಪ್ಪನಿಗೆ ಮಂಡಿ ಆಪರೇಷನ್ ಆದ್ಮೇಲೆ ಹಾಲ್‌ಗೆ ಬಂದು ಕೂರೋದು ಕಷ್ಟ ಆಯ್ತು, ಆದ್ರೆ ಮ್ಯಾಚ್ ಬಿಡೋ ಮನುಷ್ಯ ಅಲ್ಲ. ರೂಮಲ್ಲಿ ಹಳೇ 32 ಇಂಚಿನ ಟಿವಿ ಧೂಳು ತಿಂತಾ ಇತ್ತು. ಎರಡನೇ ಡಿಟಿಎಚ್ ಬಾಕ್ಸ್ ಅಂದ್ರೆ ತಿಂಗಳು ತಿಂಗಳೂ ದುಡ್ಡು, ಕೇಬಲ್ ಎಳೆಯೋಣ ಅಂದ್ರೆ ಬಾಡಿಗೆ ಮನೆ, ಒಂದು ಮೊಳೆ ಹೊಡೆದ್ರೂ ಓನರ್ ಮುಖ ಊದಿಸ್ಕೋತಾರೆ, ಇನ್ನು ಡ್ರಿಲ್ ಹಾಕಿ ತೂತು ಮಾಡ್ತೀನಿ ಅಂದ್ರೆ ಕೇಳ್ಬೇಕಾ! ಹಂಗಾಗಿ ಎಂಟೂವರೆ ಸಾವಿರ ಕೊಟ್ಟು, ಹಾಲ್ ಬಾಕ್ಸಿನ ಚಿತ್ರ-ಸೌಂಡನ್ನ ವೈರಿಲ್ಲದೆ ರೂಮಿನ ಟಿವಿಗೆ ಕಳ್ಸೋ 5.8 ಗಿಗಾಹರ್ಟ್ಸ್ ಕಿಟ್ ತರಿಸ್ದೆ: ಕಳ್ಸೋ ಡಬ್ಬ ಟ್ರಾನ್ಸ್‌ಮಿಟರ್, ಹಿಡಿಯೋ ಡಬ್ಬ ರಿಸೀವರ್.

ಜೋಡ್ಸೋದು ಹತ್ತು ನಿಮಿಷದ ಕೆಲ್ಸ. ಸೆಟ್‌ಟಾಪ್ ಬಾಕ್ಸಿಂದ ಎಚ್‌ಡಿಎಂಐ ವೈರ್ ಟ್ರಾನ್ಸ್‌ಮಿಟರ್‌ಗೆ, ಅದರ ಲೂಪ್ ಔಟ್‌ನಿಂದ (ಒಳಗೆ ಬಂದ ಸಿಗ್ನಲ್‌ನ ಹಂಗೇ ಹೊರಗೆ ಕೊಡೋ ಪೋರ್ಟು) ಹಾಲ್ ಟಿವಿಗೆ, ರಿಸೀವರ್ ಅಪ್ಪನ ಟಿವಿಗೆ. ತಗೊಳ್ಳೋರು ಲೂಪ್ ಔಟ್ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಒಂದು ಸಿಗ್ನಲ್‌ನ ಎರಡು ಕಡೆ ಹಂಚೋ ಸ್ಪ್ಲಿಟರ್ ಬೇರೆ ತರಬೇಕು.

ಡಬ್ಬದ ಮೇಲೆ ಐವತ್ತು ಮೀಟರ್ ಅಂತ ಬರ್ದಿದಾರೆ, ಅದು ಬಯಲಲ್ಲಿ ಇರಬಹುದು. ನಮ್ಮದು ಮೈಸೂರಿನ ಹಳೇ ಮನೆ, ಒಂಬತ್ತು ಇಂಚಿನ ಗೋಡೆ ಎರಡು, ದೂರ ಎಂಟು ಮೀಟರೂ ಇಲ್ಲ, ಆದ್ರೂ ಮೊದಲ ವಾರ ಚಿತ್ರ ಚೌಕ ಚೌಕ ಆಗಿ ಒಡೀತಿತ್ತು. ಆಮೇಲೆ ನೋಡಿದ್ರೆ ಮಧ್ಯ ಅಮ್ಮನ ಕಬ್ಬಿಣದ ಬೀರು ನಿಂತಿದೆ! ರಿಸೀವರ್‌ನ ಬೀರುವಿಗಿಂತ ಮೇಲೆ, ಶೆಲ್ಫ್ ಮೇಲಿಟ್ಟೆ, ಅರ್ಧ ಸರಿಹೋಯ್ತು. ಉಳಿದರ್ಧ ನಮ್ಮದೇ ವೈಫೈ ರೂಟರ್ ಕಾಟ, ಅದು 149ನೇ ವೈಫೈ ಚಾನೆಲ್‌ನಲ್ಲಿತ್ತು, ಅಂದ್ರೆ ಈ ಕಿಟ್ ಓಡೋ ಜಾಗದಲ್ಲೇ. ರೂಟರ್ ಸೆಟ್ಟಿಂಗ್‌ಗೆ ಹೋಗಿ 36ಕ್ಕೆ ಹಾಕ್ದೆ, ಅವತ್ತಿಂದ ಸಂಜೆ ಹೊತ್ತು ಒಡೆಯೋದು ನಿಂತಿದೆ. ನಮ್ಮ ಮಾವನ ಮನೇಲಿ ಹಿಂದೆ ಕೆಂಪು-ಬಿಳಿ-ಹಳದಿ ವೈರಿನ 2.4 ಗಿಗಾಹರ್ಟ್ಸ್ ಸೆಂಡರ್ (ಇಂಥದ್ದೇ ಹಳೇ ಕಾಲದ ಕಿಟ್) ಇತ್ತು, ಅಡುಗೆಮನೇಲಿ ಮೈಕ್ರೋವೇವ್ ಆನ್ ಮಾಡಿದ್ರೆ ಟಿವಿ ತುಂಬ ಗೆರೆ. ಇದ್ರಲ್ಲಿ ಆ ರಗಳೆ ಇಲ್ಲ.

ಪಿಕ್ಚರ್ 1080ಪಿ, ಆ ಟಿವಿಗೆ ಧಾರಾಳ. ಆದ್ರೆ ವೀಡಿಯೋನ ಕುಗ್ಗಿಸಿ ಕಳಿಸಿ ಆ ಕಡೆ ಮತ್ತೆ ಬಿಚ್ಚೋದ್ರಿಂದ ಸ್ವಲ್ಪ ಹಿಂದೆ ಬೀಳತ್ತೆ. ರೂಮಲ್ಲಿ ಒಬ್ರೇ ಕೂತು ನೋಡಿದ್ರೆ ಗೊತ್ತೇ ಆಗಲ್ಲ, ಎರಡೂ ಕಡೆ ಸೌಂಡ್ ಜೋರಿದ್ದು ನಡುವಿನ ಪ್ಯಾಸೇಜಲ್ಲಿ ನಿಂತ್ರೆ ಒಂದೊಂದು ಡೈಲಾಗೂ ಎರಡೆರಡು ಸಲ, ಗುಹೆಲಿ ನಿಂತಂಗೆ. ಗೇಮ್ ಆಡೋಕೆ ಖಂಡಿತ ತಗೋಬೇಡಿ.

ಅಸಲಿ ತಲೆನೋವು ರಿಮೋಟು. ರೂಮಲ್ಲಿ ಬಟನ್ ಒತ್ತಿದ್ರೆ ರಿಸೀವರ್ ಅದನ್ನ ವಾಪಸ್ ಕಳ್ಸತ್ತೆ, ಹಾಲಲ್ಲಿ ಒಂದು ತೆಳು ವೈರಿನ ತುದಿಲಿರೋ ಪುಟ್ಟ ಎಲ್‌ಇಡಿ ಸೆಟ್‌ಟಾಪ್ ಬಾಕ್ಸ್ ಕಣ್ಣಿಗೆ ಮಿಟುಕಿಸತ್ತೆ. ಅದನ್ನ ಬಾಕ್ಸ್‌ಗೆ ಡಬಲ್ ಟೇಪ್‌ನಲ್ಲಿ ಅಂಟಿಸಿದ್ದೆ, ಏಪ್ರಿಲ್ ಸೆಕೆಗೆ ಗೋಂದು ಕರಗಿ ಜಾರಿ ಬಿದ್ದಿದೆ, ನಾನು ಎರಡು ದಿನ ರಿಮೋಟ್ ಸೆಲ್ ಬದಲಾಯಿಸ್ತಾ ಕೂತಿದ್ದೆ! ಸರಿ ಇದ್ದಾಗ್ಲೂ ಜಗಳ ತಪ್ಪಲ್ಲ, ಯಾಕಂದ್ರೆ ಬಾಕ್ಸ್ ಒಂದೇ. ಅಮ್ಮ ಹಾಲಲ್ಲಿ ಸೀರಿಯಲ್ ನೋಡ್ತಾ ಇದ್ರೆ ಅಪ್ಪ ಒಳಗಿಂದ ಕ್ರಿಕೆಟ್ ಹಾಕ್ತಾರೆ, "ರೀ, ಮೊದ್ಲಿದ್ದಿದ್ದು ಹಾಕ್ರೀ" ಅಂತ ಇಲ್ಲಿಂದ ಕೂಗು, ಅವರಿಗೆ ಕಿವಿ ಕೇಳಿಸಲ್ಲ ಆಗ. ಬೇರೆ ಬೇರೆ ಚಾನೆಲ್ ನೋಡೋ ಮನೆ ಆದ್ರೆ ಸುಮ್ನೆ ಎರಡನೇ ಕನೆಕ್ಷನ್ನೇ ತಗೊಂಡ್ಬಿಡಿ.

ಪವರ್ ವಿಷ್ಯ. ರಿಸೀವರ್‌ನ ಟಿವಿಯ ಯುಎಸ್‌ಬಿಗೆ ಚುಚ್ಚಿದ್ರೆ ಕರೆಂಟ್ ಸಾಲದೆ ಆನ್ ಆಗೋದು ಆಫ್ ಆಗೋದು ಮಾಡ್ತಿತ್ತು, ಅಡಾಪ್ಟರ್‌ನಲ್ಲೇ ಹಾಕಿ. ಜೊತೆಗೆ ಬಂದಿದ್ದ ಅಡಾಪ್ಟರ್ ಹದಿನಾಲ್ಕನೇ ತಿಂಗಳಿಗೆ ಸತ್ತೋಯ್ತು, ವಾರಂಟಿ ಮುಗಿದಿದ್ದೇ ಎರಡು ತಿಂಗಳ ಹಿಂದೆ, ಮೇಲ್ ಹಾಕಿದ್ರೆ ಉತ್ತರನೂ ಇಲ್ಲ. ಈಗ ಮನೇಲಿದ್ದ 5 ವೋಲ್ಟ್ 2 ಆಂಪಿಯರ್ ಮೊಬೈಲ್ ಚಾರ್ಜರ್ ಮೇಲೆ ಓಡ್ತಿದೆ. ಕರೆಂಟ್ ಹೋಗಿ ಇನ್ವರ್ಟರ್ ಬರೋ ಆ ಕ್ಷಣಕ್ಕೆ ಎರಡೂ ಡಬ್ಬ ರೀಸ್ಟಾರ್ಟ್ ಆಗಿ ಮತ್ತೆ ಕೈ ಹಿಡಿಯೋಕೆ ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಅಪ್ಪ "ಏನೋ, ಸ್ಕೋರ್ ಎಷ್ಟೋ?" ಅಂತ ಎರಡು ಸಲ ಕೇಳಿರ್ತಾರೆ.

ಐದಕ್ಕೆ ಮೂರೂವರೆ ಕೊಡ್ತೀನಿ.