ಮೂಸಂಬಿ ಚರಟಕ್ಕೆ ದ್ರವ ಪೆಕ್ಟಿನೇಸ್: ಕೊಳ್ಳುವ ಮುನ್ನ ನೀರು ನೋಡಿ

ದಾವಣಗೆರೆ, ಚಿತ್ರದುರ್ಗದ ಸಣ್ಣ ಜ್ಯೂಸ್ ಘಟಕಗಳಿಗೆ ಆಹಾರ ದರ್ಜೆಯ ದ್ರವ ಪೆಕ್ಟಿನೇಸ್ (ಹಣ್ಣಿನ ಅಂಟಾದ ಪೆಕ್ಟಿನ್ ಅನ್ನು ಒಡೆಯುವ ಕಿಣ್ವ) ಧಾರಾಳವಾಗಿ ಶಿಫಾರಸು ಮಾಡಬಹುದು. ಆದರೆ ಮೂಸಂಬಿ, ಕಿತ್ತಳೆಗೆ ಮಾತ್ರ.

ರಸ ಹಿಂಡಿದ ಮೇಲೂ ತಿರುಳಿನಲ್ಲಿ ಸಕ್ಕರೆ ಉಳಿದಿರುತ್ತದೆ. ನೀರು ಹಾಕಿ ತೊಳೆದರೆ ಅದು ಸಿಗುತ್ತದೆ, ಜೊತೆಗೇ ಪೆಕ್ಟಿನ್ನೂ ಇಳಿಯುತ್ತದೆ. ಆ ನೀರನ್ನು ಹಾಗೇ ಕಾಯಿಸಿದರೆ ಲೋಳೆಯಾಗಿ ತಳ ಹಿಡಿಯುತ್ತದೆ. ಕಿಣ್ವ ಪೆಕ್ಟಿನ್ ಸರಪಳಿಯನ್ನು ತುಂಡರಿಸಿದರೆ ದ್ರವ ತೆಳುವಾಗುತ್ತದೆ, ಸರಾಗವಾಗಿ ಸೋಸುತ್ತದೆ, 60 ಬ್ರಿಕ್ಸ್‌ವರೆಗೂ (ಕರಗಿದ ಸಕ್ಕರೆಯ ಅಳತೆ) ಗಟ್ಟಿ ಮಾಡಬಹುದು.

ತಿರುಳು ತೊಳೆದ 100 ಲೀಟರ್ ನೀರಿಗೆ 5ರಿಂದ 10 ಮಿ.ಲೀ. ಹಾಕಿ ಶುರು ಮಾಡಿ. ನೀರು 45–50 ಡಿಗ್ರಿ ಇರಲಿ. 60 ದಾಟಿದರೆ ಕಿಣ್ವ ಬೇಗ ಕೆಡುತ್ತದೆ. ಮೆಲ್ಲಗೆ ಕದಡುತ್ತಾ ಒಂದೆರಡು ಗಂಟೆ ಬಿಡಿ. ಕೆಲಸ ಮುಗಿಯಿತೇ ಎಂದು ಗಡಿಯಾರ ಹೇಳುವುದಿಲ್ಲ, ಆಲ್ಕೋಹಾಲ್ ಪರೀಕ್ಷೆ ಹೇಳುತ್ತದೆ: ಸೋಸಿದ 5 ಮಿ.ಲೀ. ದ್ರವಕ್ಕೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ 10 ಮಿ.ಲೀ. ಎಥನಾಲ್ ಹಾಕಿ, ಕಾಲು ಗಂಟೆ ಕಾಯಿರಿ. ಜೆಲ್ಲಿಯಂಥ ಗಂಟು ಮೇಲೆದ್ದರೆ ಪೆಕ್ಟಿನ್ ಇನ್ನೂ ಇದೆ. ಏನೂ ಕಾಣದಿದ್ದರೆ 90 ಡಿಗ್ರಿಗೆ ಕಾಯಿಸಿ ಕಿಣ್ವವನ್ನು ನಿಲ್ಲಿಸಿ.

ನಮ್ಮ ಕಡೆ ಎಡವುವುದು ನೀರಿನಲ್ಲಿ. ಹಣ್ಣಿನಲ್ಲೇ ಇರುವ ಪೆಕ್ಟಿನ್ ಎಸ್ಟರೇಸ್ ಎಂಬ ಇನ್ನೊಂದು ಕಿಣ್ವ, ಪೆಕ್ಟಿನ್ ಕ್ಯಾಲ್ಸಿಯಂಗೆ ಅಂಟುವಂತೆ ಮಾಡುವ ಕೆಲಸ ಮೊದಲೇ ಶುರು ಮಾಡಿರುತ್ತದೆ. ಅಷ್ಟರಲ್ಲಿ ಬೋರ್‌ವೆಲ್‌ನ ಗಡಸು ನೀರು ಸುರಿದರೆ ಅದರ ಕ್ಯಾಲ್ಸಿಯಂ ಪೆಕ್ಟಿನ್‌ಗೆ ಅಂಟಿಕೊಂಡು ಗಂಟು ಕಟ್ಟುತ್ತದೆ. ಆಗ ಕಿಣ್ವ ಸರಿಯಿಲ್ಲ ಎಂದು ಇಮ್ಮಡಿ ಸುರಿಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಆರ್‌ಒ ನೀರು ಬಳಸಿ, ತಿರುಳನ್ನು ಹಿಂಡಿದ ಕೂಡಲೇ ತೊಳೆಯಿರಿ.

ನಿಂಬೆಯ ಕಥೆ ಬೇರೆ. ಅದರ ರಸದ ಪಿಎಚ್ 2ರಿಂದ 2.5, ಸಾಮಾನ್ಯ ಪೆಕ್ಟಿನೇಸ್ ಚುರುಕಾಗಿರುವುದು 3.5ರ ಮೇಲೆ. ಆಮ್ಲ ತಾಳುವ ಬಗೆಯೇ ಬೇಕೆಂದು ಮಾರುವವರನ್ನು ಕೇಳಿ, ಮಾಹಿತಿ ಪತ್ರ ತೋರಿಸದಿದ್ದರೆ ಕೊಳ್ಳಬೇಡಿ.

ಪೆಕ್ಟಿನೇಸ್‌ನಿಂದ ಕಹಿ ಹೋಗುವುದಿಲ್ಲ. ಕಹಿಗೆ ಕಾರಣವಾದ ಲಿಮೋನಿನ್ ಹಾಗೇ ಉಳಿಯುತ್ತದೆ. ಸೆಲ್ಯುಲೇಸ್ (ನಾರನ್ನು ಒಡೆಯುವ ಕಿಣ್ವ) ಬೆರೆತ ಮಿಶ್ರಣವನ್ನು ಬೀಜ, ಬಿಳಿ ಪದರದ ಸಮೇತ ಹಾಕಿದರೆ ಕಹಿ ಇನ್ನೂ ಹೆಚ್ಚುತ್ತದೆ. ಸಿಪ್ಪೆಯನ್ನು ಪೆಕ್ಟಿನ್ ತಯಾರಿಕೆಗೆ ಮಾರುವುದಿದ್ದರೆ ಕಿಣ್ವ ಅದರ ಹತ್ತಿರವೂ ಸುಳಿಯಬಾರದು.

ಕ್ಯಾನನ್ನು ಫ್ರಿಜ್‌ನಲ್ಲಿ 4–8 ಡಿಗ್ರಿಯಲ್ಲಿಡಿ. ಏಪ್ರಿಲ್‌ನ ಬಿಸಿಲಲ್ಲಿ ಗೋದಾಮಿನಲ್ಲಿಟ್ಟರೆ ಬಲ ಕುಗ್ಗುತ್ತದೆ, ಆದ್ದರಿಂದ ಹಂಗಾಮಿಗೆ ಬೇಕಾದಷ್ಟೇ ತರಿಸಿ. ನೀರಲ್ಲಿ ಕಲಸಿದ್ದನ್ನು ಅಂದೇ ಮುಗಿಸಿ.