ಕಾರು ತಗೊಂಡಿಯೋ, ಬಾವಿ ತಗೊಂಡಿಯೋ: ಮೂರು ಗಾಡಿಗಳಲ್ಲಿ ಅಪ್ಪನನ್ನು ಹತ್ತಿಸಿ ಇಳಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎತ್ತರ ಛಾವಣಿಯ, ಡಬ್ಬಿಯಂಥ ಚಿಕ್ಕ ಕಾರಿಗೆ. ನೋಡಲು ಅಷ್ಟೇನೂ ಚೆಂದ ಇಲ್ಲ. ಆದರೆ ಅಪ್ಪ ಯಾರ ಕೈಯನ್ನೂ ಹಿಡಿಯದೆ ಅದರಲ್ಲಿ ಕೂಡುತ್ತಾರೆ, ಯಾರನ್ನೂ ಕರೆಯದೆ ಇಳಿಯುತ್ತಾರೆ. ಇಷ್ಟು ತಿಳಿಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ತಗ್ಗು ಛಾವಣಿಯ ಒಂದು ಸೆಡಾನ್ ಕೊಂಡು ಮಾರಬೇಕಾಯಿತು.

ಸೆಡಾನ್ ತಂದದ್ದು ದಸರೆಗೆ. ಸೆಕೆಂಡ್ ಹ್ಯಾಂಡ್, ಬಿಳಿ ಬಣ್ಣ, ಎರಡು ಚೀಲ ಜೋಳ ಹಿಡಿಯುವ ಡಿಕ್ಕಿ. ನಾನೊಬ್ಬನೇ ಓಡಿಸಿ ನೋಡಿದೆ, ಒಬ್ಬನೇ ಖುಷಿಪಟ್ಟೆ, ದುಡ್ಡು ಕೊಟ್ಟು ಬಂದೆ. ಮನೆಮುಂದೆ ಪೂಜೆ ಮುಗಿಸಿ ಶರಣಬಸವೇಶ್ವರ ಗುಡಿಗೆ ಹೊರಟೆವು. ಅಪ್ಪ ಬಲಗಾಲು ಒಳಗಿಟ್ಟರು, ತಲೆ ಬಗ್ಗಿಸಿದರು, ರುಮಾಲು ಛಾವಣಿಗೆ ಬಡಿದು ರಸ್ತೆಗೆ ಬಿತ್ತು. ಹೇಗೋ ಕೂತರು. ಗುಡಿ ಮುಂದೆ ಇಳಿಸಲು ಇಬ್ಬರು ಬೇಕಾದೆವು. "ಕಾರ್ ತಗೊಂಡಿಯೋ, ಬಾವಿ ತಗೊಂಡಿಯೋ? ಇಳೀಲಿಕ್ಕೇನೋ ಬರ್ತದ, ಏರಿ ಬರ್ಲಿಕ್ಕೇ ಆಗವಲ್ದು" ಅಂದರು. ಓಣಿಯಲ್ಲಿ ಈ ಮಾತು ಇವತ್ತಿಗೂ ಓಡಾಡುತ್ತಿದೆ.

ಅಪ್ಪನಿಗೆ 74. ಒಂದು ಮೊಣಕಾಲು ಪೂರ್ತಿ ಕೈಕೊಟ್ಟಿದೆ. ಬಸ್ಸು, ಟಂಟಂ, ಎತ್ತಿನ ಗಾಡಿ, ಎಲ್ಲವನ್ನೂ ಅವರು ಕಾಲು ಮೊದಲಿಟ್ಟೇ ಹತ್ತಿದವರು. ತಗ್ಗು ಕಾರಿಗೆ ಈ ಕ್ರಮ ಉಲ್ಟಾ. ಕಾಲು ಮೊದಲು ಹೋದರೆ ಇಡೀ ಮೈಭಾರ ಇನ್ನೊಂದು ಮೊಣಕಾಲಿನ ಮೇಲೆ ನಿಲ್ಲುತ್ತದೆ. ಅದೇ ಹೊತ್ತಿಗೆ ಸೊಂಟ ಕೆಳಗೆ, ತಲೆ ಬಗ್ಗಿಸಿ ಒಳಗೆ, ಎಲ್ಲಾ ಒಟ್ಟಿಗೆ ಆಗಬೇಕು. ಸರಿಯಾದ ರೀತಿ ಬೇರೆ. ಸೀಟನ್ನು ಪೂರ್ತಿ ಹಿಂದೆ ಸರಿಸಬೇಕು. ಕಾರಿಗೆ ಬೆನ್ನು ಮಾಡಿ ನಿಲ್ಲಬೇಕು. ಸೀಟಿನ ಅಂಚು ಮೀನಖಂಡಕ್ಕೆ ತಾಗುವವರೆಗೆ ಹಿಂದೆ ಸರಿದು, ತಲೆ ಬಗ್ಗಿಸಿ ಕೂಡಬೇಕು. ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಿರುಗಿಸಬೇಕು. ಇಳಿಯುವಾಗ ಇದೇ ತಿರುವುಮುರುವು. ಬಾಗಿಲು ಹಿಡಿದು ಏಳಬಾರದು, ಅದು ಅಲ್ಲಾಡುತ್ತದೆ. ಇದನ್ನು ಹೇಳಿಕೊಟ್ಟಾಗ ಅಪ್ಪ ನನ್ನನ್ನೇ ನೋಡಿದರು. "ನಾ ಏನ್ ಎಮ್ಮಿ ಏನೋ, ಹಿಂದಕ್ ಸರಿಲಿಕ್ಕೆ?" ಎರಡು ವಾರದಲ್ಲಿ ಕಲಿತರು, ಅದು ಬೇರೆ ಮಾತು.

ಅಷ್ಟಕ್ಕೇ ಮುಗಿದಿದ್ದರೆ ಸೆಡಾನ್ ಇವತ್ತೂ ನಮ್ಮ ಹತ್ತಿರ ಇರುತ್ತಿತ್ತೇನೋ. ಕಾಡಿದ್ದು ಮನೆಮುಂದಿನ ಕಲ್ಲು.

ನಮ್ಮ ಓಣಿಯಲ್ಲಿ ಎಲ್ಲರ ಮನೆಮುಂದೆಯೂ ಗಟಾರದ ಮೇಲೆ ಶಾಬಾದಿ ಫರ್ಸಿ ಹಾಸಿದೆ. ಕಲಬುರಗಿಯಲ್ಲಿ ಇದು ಹೊಸ ಸುದ್ದಿ ಏನಲ್ಲ, ಕಲ್ಲು ಬರುವ ಶಹಾಬಾದ್ ಪಕ್ಕದಲ್ಲೇ ಇದೆ. ನಮ್ಮ ಫರ್ಸಿ ರಸ್ತೆಯಿಂದ ಒಂದು ಗೇಣು ಎತ್ತರ. ಕಾರನ್ನು ಅದಕ್ಕೆ ಒತ್ತಿ ನಿಲ್ಲಿಸಿದರೆ ಖಾಲಿ ಕಾರಿನ ಬಾಗಿಲು ಫರ್ಸಿ ಮೇಲೆ ಸಲೀಸಾಗಿ ತೆರೆಯುತ್ತದೆ. ಅಪ್ಪ ಮುಂದೆ, ಅವ್ವ, ನನ್ನ ಹೆಂಡತಿ, ಮಗಳು ಹಿಂದೆ ಕೂತ ಮೇಲೆ ಕಾರು ಎರಡು ಇಂಚು ಕೆಳಗೆ ಕೂಡುತ್ತದೆ. ರಸ್ತೆ ಬೇರೆ ಗಟಾರದ ಕಡೆಗೇ ವಾಲಿದೆ. ಆಗ ಬಾಗಿಲು ಹಾಕಲು ಹೋದರೆ ಕೆಳ ಅಂಚು ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಕರ್ರ್ ಅಂತ. ಮೊದಲ ಸಲ ಜೋರಾಗಿ ಎಳೆದೆ. ಬಣ್ಣ ಕೆತ್ತಿ ಹೋಯಿತು. ಎರಡನೇ ಸಲ ಎಲ್ಲರನ್ನೂ ಇಳಿಸಿ, ಬಾಗಿಲು ಬಿಡಿಸಿ, ಕಾರು ಸರಿಸಿ, ಮತ್ತೆ ಹತ್ತಿಸಿದೆ. ಅಪ್ಪನಿಗೆ ಅದು ಹತ್ತು ನಿಮಿಷದ ಕೆಲಸ. ಮೇ ತಿಂಗಳು, ಹೊರಗೆ 42 ಡಿಗ್ರಿ. ನಾನು ಅಲ್ಲೇ ಕಾರಿಗೆ ಬೈದೆ, ಅವ್ವ ನನಗೆ ಬೈದಳು.

ಆಮೇಲೆ ಮೂರು ಅಡಿ ದೂರ, ರಸ್ತೆ ನಡುವೆಯೇ ನಿಲ್ಲಿಸಲು ಶುರುಮಾಡಿದೆ. ಹಿಂದೆ ಬಂದ ಟಂಟಂನವನು ಹಾರ್ನ್ ಬಾರಿಸುತ್ತ ನಿಲ್ಲುತ್ತಿದ್ದ. ಅವಸರ ಮಾಡಿದರೆ ಅಪ್ಪ ಇನ್ನೂ ನಿಧಾನ.

ಒಂದು ಭಾನುವಾರ ಟೇಪ್ ಹಿಡಿದು ಕೂತೆ. ಮನೆಯ ಕುರ್ಚಿ ನೆಲದಿಂದ 17 ಇಂಚು. ಅದರಿಂದ ಅಪ್ಪ ಆರಾಮಾಗಿ ಏಳುತ್ತಾರೆ. ಸೆಡಾನ್ ಸೀಟು ರಸ್ತೆಯಿಂದ 20 ಇಂಚು. ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಆದರೆ ಕಾಲು ಊರುವುದು 9 ಇಂಚು ಎತ್ತರದ ಫರ್ಸಿ ಮೇಲೆ. ಉಳಿದದ್ದು 11 ಇಂಚು. ಅಂದರೆ ಮಣೆಗಿಂತ ಸ್ವಲ್ಪ ಎತ್ತರದಿಂದ, ತಲೆ ಮೇಲೆ ಛಾವಣಿ ಇಟ್ಟುಕೊಂಡು ಏಳಬೇಕು. ಸೀಟು ನೆಲದಿಂದ ಎಷ್ಟು ಎತ್ತರ ಅಂತ ಕೇಳಿದರೆ ಸಾಲದು, ಇಳಿಯುವವರ ಕಾಲು ಎಲ್ಲಿ ಊರುತ್ತದೆ ಅಂತಲೂ ನೋಡಬೇಕು.

ಸೆಡಾನನ್ನೇ ಉಳಿಸಿಕೊಳ್ಳಲು ಏನೇನೋ ತರಿಸಿದೆ. ತಿರುಗುವ ದುಂಡು ದಿಂಬು ಕಾಲು ತಿರುಗಿಸಲು ಚೆನ್ನಾಗಿದೆ, ಆದರೆ ಮೈಯನ್ನು ಎರಡು ಇಂಚು ಎತ್ತುತ್ತದೆ, ತಗ್ಗು ಛಾವಣಿಯಲ್ಲಿ ಆ ಎರಡು ಇಂಚೇ ಇಲ್ಲ. ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿದರೆ ಧೋತರ ಜಾರುತ್ತದೆ, ಬಿಟ್ಟಿ ಉಪಾಯ. ಹೊರಡುವ ಮುಂಚೆ ಅದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಮನುಷ್ಯನೇ ಜಾರುತ್ತಾನೆ. ನಿಜಕ್ಕೂ ಉಪಯೋಗಕ್ಕೆ ಬಂದದ್ದು ಒಂದೇ: ಬಾಗಿಲು ಲಾಕ್ ಆಗುವ ಕಡೆ ಕಂಬದಲ್ಲಿ ಒಂದು ಉಕ್ಕಿನ ಕೊಂಡಿ ಇರುತ್ತದೆ ನೋಡಿ, ಅದರೊಳಗೆ ಸಿಕ್ಕಿಸುವ ಹಿಡಿಕೆ. 350 ರೂಪಾಯಿ. ಅದನ್ನು ಒತ್ತಿ ಹಿಡಿದು ಏಳಬಹುದು. ಬಾಗಿಲು ಹಾಕುವ ಮುಂಚೆ ತೆಗೆಯಲು ಮರೆಯಬೇಡಿ.

ನಡುವೆ ಮಾವನವರ ಎಸ್‌ಯುವಿಯನ್ನು ಒಂದು ವಾರ ತಂದಿಟ್ಟುಕೊಂಡೆ. ಸೀಟು 33 ಇಂಚು. ನನ್ನಂಥ ಆರಡಿ ಆಳಿಗೆ ಅರಮನೆ. ಮನೆಮುಂದೆ ಫರ್ಸಿ ಇದ್ದುದರಿಂದ ಅಪ್ಪನಿಗೂ ಸುಲಭವಾಯಿತು. ಗಾಣಗಾಪುರಕ್ಕೆ ಹೋದಾಗ ಬಣ್ಣ ಬಯಲಾಯಿತು. ಸಂಗಮದ ಹತ್ತಿರ ಫರ್ಸಿ ಎಲ್ಲಿಂದ ತರುವುದು? ಫುಟ್‌ಬೋರ್ಡ್ ಮೇಲೆ ಒಂದು ಕಾಲಿಟ್ಟು ಮೈ ಎತ್ತುವ ಶಕ್ತಿ ಆ ಮೊಣಕಾಲಿಗಿಲ್ಲ. ಇಳಿಯುವುದಂತೂ ಹತ್ತುವುದಕ್ಕಿಂತ ಕಷ್ಟ, ಕೆಳಗೆ ಬೀಳುವ ಭಾರವೆಲ್ಲ ಆ ಕಾಲಿಗೇ. ಅವ್ವನ ದೂರು ಬೇರೆ: ಮಳೆ ಬಂದಿತ್ತು, ಫುಟ್‌ಬೋರ್ಡಿನ ಎರೆಮಣ್ಣು ಸೀರೆಯ ಅಂಚಿಗೆಲ್ಲ. ಎರೆಮಣ್ಣು ಹತ್ತಿದರೆ ಬಿಡುತ್ತದೆಯೇ? ಬರುವಾಗ ಒಂದು ಪ್ಲಾಸ್ಟಿಕ್ ಸ್ಟೂಲ್ ಕೊಂಡೆವು. ಎಸ್‌ಯುವಿಯ ಬೆಲೆಯ ಮಾತು ಬೇಡ, ನನ್ನ ಅಳತೆಯದಲ್ಲ.

ಇನ್ನು ನಮ್ಮ ಡಬ್ಬಿ. ಟಾಲ್‌ಬಾಯ್ ಅನ್ನುತ್ತಾರಲ್ಲ, ಆ ಜಾತಿ. 1998ರಲ್ಲಿ ಸ್ಯಾಂಟ್ರೋ, 1999ರಲ್ಲಿ ವ್ಯಾಗನ್‌ಆರ್ ಬಂದಾಗ ಜನ ನಕ್ಕಿದ್ದು ನನಗೆ ನೆನಪಿದೆ, ನಾನೂ ನಕ್ಕಿದ್ದೆ. ಸೀಟು 26 ಇಂಚು. ಫರ್ಸಿ ಕಳೆದರೆ 17, ನಮ್ಮ ಮನೆ ಕುರ್ಚಿಯಷ್ಟೇ. ಬಯಲಲ್ಲಿ ನಿಲ್ಲಿಸಿದರೂ ಸೊಂಟವನ್ನು ಸ್ವಲ್ಪ ಇಳಿಸಿದರೆ ಸೀಟು ಸಿಗುತ್ತದೆ. ಬಾಗಿಲಿನ ಕೆಳ ಅಂಚೂ ಎತ್ತರದಲ್ಲಿದೆ, ಐದು ಜನ ಕೂತರೂ ಕಲ್ಲಿಗೆ ತಾಗುವುದಿಲ್ಲ. ರುಮಾಲಿಗೆ ನಾಲ್ಕು ಬೆರಳು ಜಾಗ ಉಳಿಯುತ್ತದೆ.

ಕೊರತೆ ಇಲ್ಲವೇ? ಇದೆ. ಹುಮನಾಬಾದ್ ಕಡೆ ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದರೆ ಮೈ ತುಸು ಅಲ್ಲಾಡುತ್ತದೆ. ಡಿಕ್ಕಿಯಲ್ಲಿ ಒಂದೇ ಚೀಲ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವವರು, ಮನೆಯಲ್ಲಿ ಎಲ್ಲರ ಮೊಣಕಾಲೂ ಗಟ್ಟಿ ಇರುವವರು ಸೆಡಾನೇ ತಗೊಳ್ಳಿ, ಸುಮ್ನೆ ನನ್ನ ಮಾತು ಕೇಳಬೇಡಿ. ನನ್ನ ಓಡಾಟ ಸೂಪರ್ ಮಾರ್ಕೆಟ್, ಆಸ್ಪತ್ರೆ, ಹುಣ್ಣಿಮೆಗೆ ಗಾಣಗಾಪುರ, ಅಷ್ಟೇ. ಸೆಡಾನ್ ಮಾರಿ 4.10 ಲಕ್ಷ ಬಂತು, ಇದಕ್ಕೆ 3.40 ಕೊಟ್ಟೆ.

ಈ ಸಲ ನೋಡಲು ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಎಡಗಡೆ ಬಾಗಿಲು ತೆಗೆದು ಕೂತರು, ಇಳಿದರು, ಮತ್ತೆ ಕೂತರು. ನಾಲ್ಕು ಸಲ. ಮಾರುವ ಹುಡುಗ ಬೇಸತ್ತು, "ಕಾಕಾ, ಒಂದು ರೌಂಡ್ ಓಡಿಸಿಯಾದರೂ ನೋಡ್ರಿ" ಅಂದ.

"ಓಡ್ಸೋದು ಇವನ ಕೆಲ್ಸ ಅದ," ಅಂದರು ಅಪ್ಪ, ಐದನೇ ಸಲ ಬಾಗಿಲು ತೆಗೆಯುತ್ತ. "ಏರಿ ಇಳಿಯೋದು ನಂದು."