'ನೇಟಿವ್' ಬಿಲ್ಡ್ ಅನ್ನು ಬೇರೆಯವರಿಗೆ ಕೊಡಬೇಡಿ

ಸಾಫ್ಟ್‌ವೇರ್ ಲೈಬ್ರರಿಗಳನ್ನು (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್) ಪ್ಯಾಕೇಜ್ ಮಾಡಿ ಹಂಚುವವರು ದಯವಿಟ್ಟು ಓದಿ. ನನ್ನ ಒಂದು ತಪ್ಪಿನಿಂದ ಬಸವನಗುಡಿಯ ಸಣ್ಣ ಗ್ರಂಥಾಲಯವೊಂದರಲ್ಲಿ ಇಡೀ ಶನಿವಾರದ ಕೆಲಸ ನಿಂತುಹೋಯಿತು.

ಅಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಾರೆ. ಪುಟದ ಕಲೆ ತೆಗೆದು ಅಕ್ಷರ ತಿಳಿಯಾಗಿಸುವ ಲೈಬ್ರರಿ ಬರೆದುಕೊಟ್ಟಿದ್ದೆ. ಬಿಲ್ಡ್ ಮಾಡುವಾಗ ಕಂಪೈಲರ್ ಜಿಸಿಸಿಗೆ 'ಮಾರ್ಚ್ ನೇಟಿವ್' (-march=native) ಕೊಟ್ಟೆ, ಅಂದರೆ ಬಿಲ್ಡ್ ಮಾಡುವ ಯಂತ್ರದ ಪ್ರೊಸೆಸರ್‌ಗೇ ಹೊಂದಿಸು ಅಂತ. ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ವೇಗ ಜಾಸ್ತಿಯಾಯಿತು. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದೆ.

ಅಲ್ಲಿದ್ದದ್ದು ಎಸ್‌ಪಿ ರೋಡಿನಿಂದ ತಂದ ನಾಲ್ಕು ಸೆಕೆಂಡ್ ಹ್ಯಾಂಡ್ ಪಿಸಿ. ಮೊದಲ ಪುಟ ಕೊಟ್ಟ ತಕ್ಷಣ ಪ್ರೋಗ್ರಾಂ ಮಾಯ. ಟರ್ಮಿನಲ್‌ನಲ್ಲಿ ಒಂದೇ ಸಾಲು: 'ಇಲ್ಲೀಗಲ್ ಇನ್‌ಸ್ಟ್ರಕ್ಷನ್, ಕೋರ್ ಡಂಪ್ಡ್'.

"ಸ್ಕ್ಯಾನರ್ ಕೆಟ್ಟಿರಬೇಕಾ ಸರ್?" ಅಂದರು ಅಲ್ಲಿನ ಮೇಡಂ. ನಾನೂ ಸುಮ್ನೆ ಕೇಬಲ್ ಬದಲಿಸಿದೆ, ರ‍್ಯಾಮ್ ತೆಗೆದು ಹಾಕಿದೆ. ಮಧ್ಯಾಹ್ನ ದೋಷ ಹುಡುಕುವ ಜಿಡಿಬಿಯಲ್ಲಿ ನೋಡಿದರೆ, ಪ್ರೋಗ್ರಾಂ ಸತ್ತ ಜಾಗದಲ್ಲಿ ಎವಿಎಕ್ಸ್2 (ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ, ಕೆಲವು ಪ್ರೊಸೆಸರ್‌ಗಳಲ್ಲಷ್ಟೇ ಇರುವ ಆದೇಶಗಳ ಗುಂಪು) ಇನ್‌ಸ್ಟ್ರಕ್ಷನ್ ಕೂತಿತ್ತು.

ಆ ಪಿಸಿಗಳ ಪ್ರೊಸೆಸರ್ ಪೆಂಟಿಯಂ ಜಿ4400, 2015ರದ್ದು. ಇಂಟೆಲ್‌ನಲ್ಲಿ ಎವಿಎಕ್ಸ್2 ಬಂದದ್ದು 2013ರಲ್ಲಿ, ಹ್ಯಾಸ್‌ವೆಲ್ ತಲೆಮಾರಿನ ಪ್ರೊಸೆಸರ್‌ಗಳ ಜೊತೆ. ಆಮೇಲಿನ ಚಿಪ್‌ಗಳಲ್ಲೆಲ್ಲ ಇದ್ದೇ ಇರುತ್ತೆ ಅಂದುಕೊಂಡಿದ್ದೆ. ಹಾಗಿಲ್ಲ. ಜಿ4400ನ ತಲೆಮಾರಿನದೇ ಆದ ಕೋರ್ ಐ3ನಲ್ಲಿ ಇದೆ, ಈ ಪೆಂಟಿಯಂನಲ್ಲಿ ಇಲ್ಲ. ಇಸವಿ ನೋಡಿ ಲೆಕ್ಕ ಹಾಕಲೇಬೇಡಿ. ನನ್ನ ಟೆಸ್ಟ್ ಸರ್ವರ್ ಕೂಡ ಹೊಸದಾಗಿದ್ದರಿಂದ ಎಲ್ಲಾ ಟೆಸ್ಟೂ ಪಾಸಾಗಿದ್ದವು.

ಮನೆಗೆ ಬಂದು 'ಎಕ್ಸ್86-64-ವಿ2' ಮಟ್ಟಕ್ಕೆ ಬಿಲ್ಡ್ ಮಾಡಿದೆ (ಪ್ರೊಸೆಸರ್‌ನಲ್ಲಿ ಕನಿಷ್ಠ ಯಾವ ಆದೇಶಗಳು ಇರಬೇಕು ಅನ್ನುವ ಮಟ್ಟಗಳಲ್ಲಿ ಇದು ಎರಡನೆಯದು). ಅದು ಎವಿಎಕ್ಸ್‌ಗಿಂತ ಹಳೆಯ ಎಸ್‌ಎಸ್‌ಇ4.2 ತನಕ ಮಾತ್ರ ಬಳಸುತ್ತದೆ. ಎವಿಎಕ್ಸ್2 ಬೇಕಾಗುವುದು ವಿ3ಗೆ. ಭಾರದ ಲೂಪ್‌ಗಳನ್ನಷ್ಟೇ ಬೇರೆ ಫೈಲ್‌ಗೆ ಹಾಕಿ, ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಇದೆಯಾ ಅಂತ ನೋಡಿಕೊಂಡೇ ಕರೆಯುವಂತೆ ಮಾಡಿದೆ. ಆದರೂ ಮತ್ತೆ ಬಿತ್ತು! ಉಳಿದ ಕೋಡ್‌ನಲ್ಲೂ ಈ ಎವಿಎಕ್ಸ್2 ಫೈಲ್‌ನಲ್ಲೂ ಒಂದೇ ಹೆಡರ್‌ನ ಇನ್‌ಲೈನ್ ಫಂಕ್ಷನ್ ಇತ್ತು. ತುಣುಕುಗಳನ್ನು ಜೋಡಿಸುವ ಲಿಂಕರ್ ಅದರ ಎವಿಎಕ್ಸ್2 ಪ್ರತಿಯನ್ನೇ ಇಟ್ಟುಕೊಂಡಿತ್ತು. ಈ ಗುಂಡಿಯಲ್ಲಿ ನೀವು ಬೀಳಬೇಡಿ. ಆ ಫೈಲ್‌ಗೆ ಹಂಚಿಕೊಂಡ ಹೆಡರ್ ಸೇರಿಸದೆ, ಫಂಕ್ಷನ್‌ಗಳನ್ನು ಸ್ಟ್ಯಾಟಿಕ್ (ಆ ಫೈಲ್‌ಗಷ್ಟೇ ಸೀಮಿತ) ಮಾಡಿ.

ರೆಡ್ ಹ್ಯಾಟ್ ಲಿನಕ್ಸ್‌ನ 9ನೇ ಆವೃತ್ತಿ ಕನಿಷ್ಠ ವಿ2 ಕೇಳುತ್ತದೆ, 10ನೆಯದು ವಿ3 ಕೇಳುತ್ತದೆ. ಅವರು ಅದನ್ನು ಮೊದಲೇ ಹೇಳಿದ್ದಾರೆ. ನಾನು ಏನನ್ನೂ ಹೇಳದೆ ಪೆನ್‌ಡ್ರೈವ್ ಕೊಟ್ಟಿದ್ದೆ, ಅಲ್ವಾ? ಅದು ಈಗಲೂ ಬೇಜಾರು.

ಬಿಲ್ಡ್‌ಗೆ ಮುಂಚೆ, ಅದು ಓಡಬೇಕಾದ ಪಿಸಿಯ ಮುಂದೆಯೇ ಕೂತು 'ಎಲ್‌ಎಸ್‌ಸಿಪಿಯು' (lscpu) ಕಮಾಂಡ್ ಕೊಟ್ಟು, ಪ್ರೊಸೆಸರ್‌ನಲ್ಲಿ ಏನೇನಿದೆ ಅಂತ ಹೇಳುವ ಫ್ಲ್ಯಾಗ್ಸ್ ಸಾಲು ಓದಿ. ಆ ನಾಲ್ಕೂ ಪಿಸಿಗಳ ಸಾಲು ಈಗ ನನ್ನ ಬಿಲ್ಡ್ ಫೋಲ್ಡರ್‌ನಲ್ಲೇ ಇದೆ.